ಹದಿನೇಳು ಎಲೆಯ ಔತಣ

ಗುಂಡ ತಟ್ಟೆ ಎತ್ತಿ ಅದರ ಕೆಳಗೆ ನೋಡಿದ. ಕೆಳಗೆ ಮೇಜು ಮಾತ್ರ ಇತ್ತು.

"ಇಷ್ಟೇನಾ?" ಅಂದ.

"ಇಷ್ಟೇನಾ ಅಂದ್ರೆ? ಹದಿನೇಳಿವೆ!" ಅಂದ ಸೀನ, ಲಾಟರಿ ಹೊಡೆದವನ ದನಿಯಲ್ಲಿ.

ಹದಿನೇಳು ಲೆಟ್ಯೂಸ್ ಎಲೆ. ದೊಡ್ಡ ಬಿಳಿ ತಟ್ಟೆಯ ಅಂಚಿಗೆ ಗಡಿಯಾರದ ಅಂಕಿಗಳ ಹಾಗೆ ಜೋಡಿಸಿದ್ದ. ನಡುವೆ ಖಾಲಿ. ಅದು ಬೇಕೆಂದೇ ಬಿಟ್ಟ ಖಾಲಿಯಂತೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ಇದ್ದದ್ದರಲ್ಲಿ ದೊಡ್ಡ ಎಲೆ ನನ್ನ ಅಂಗೈಯಷ್ಟಿತ್ತು. ಚಿಕ್ಕದನ್ನು ನೋಡಲು ರಾಯರು ಕನ್ನಡಕ ಬದಲಾಯಿಸಿದರು.

ಮೆಸೇಜಿನಲ್ಲಿ ಮಾತ್ರ ಇದು ಹೀಗಿರಲಿಲ್ಲ. "ಭಾನುವಾರ ಸಂಜೆ ನಮ್ಮ ಬಾಲ್ಕನಿಯಲ್ಲಿ ಕೊಯ್ಲು. ತಪ್ಪದೇ ಬನ್ನಿ. ಇನ್ನು ವರ್ಷವಿಡೀ ಮನೆಯದೇ ಸಾಲಡ್!" ಅಂತಿತ್ತು. ಕೊಯ್ಲು ಅನ್ನೋ ಪದ ಓದಿ ಗುಂಡ ಮಧ್ಯಾಹ್ನದ ಊಟ ಬಿಟ್ಟಿದ್ದ. ಉಳಿದದ್ದನ್ನು ತುಂಬಿಕೊಂಡು ಹೋಗೋಕೆ ಅಂತ ಒಂದು ಕೈಚೀಲವನ್ನೂ ತಂದಿದ್ದ. ಅದನ್ನು ಈಗ ಸದ್ದಾಗದ ಹಾಗೆ ಮಡಚಿ ಜೇಬಿಗೆ ಸೇರಿಸುತ್ತಿದ್ದ.

ನನಗೆ ಸಿಟ್ಟಿರೋದು ಸೊಪ್ಪಿನ ಮೇಲಲ್ಲ. ಆ "ವರ್ಷವಿಡೀ" ಅನ್ನೋ ಪದದ ಮೇಲೆ. ಈಗ ಯಾರ ಫೋನು ನೋಡಿದರೂ ಅದೇ. ಬಿಳಿ ಅಂಗಿಯವನೊಬ್ಬ ಚಿಟಿಕೆ ಬೀಜ ಉದುರಿಸುತ್ತಾನೆ, ಹಿಂದೆ ಸಂಗೀತ, ಕುಂಡದ ತುಂಬ ಹಸಿರು ಉಕ್ಕುತ್ತದೆ, ಕತ್ತರಿ, ಬಟ್ಟಲು, ಒಂದು ನಗು. ಎಲ್ಲಾ ಸೇರಿ ಮೂವತ್ತು ಸೆಕೆಂಡು. ಅವನ ಅಂಗಿಗೆ ಮಣ್ಣು ತಾಗೋದೇ ಇಲ್ಲ. ಸೀನ ಅದನ್ನು ನೋಡಿ ಹನ್ನೊಂದು ತಿಂಗಳಾಯಿತು. ವರ್ಷವಿಡೀ ಅಂದದ್ದು ಸುಳ್ಳಲ್ಲ ಬಿಡಿ, ಹೆಚ್ಚು ಕಡಿಮೆ ವರ್ಷವಿಡೀ ಬೆಳೆದಿದ್ದಾನೆ. ತಿನ್ನೋದು ಮಾತ್ರ ಇವತ್ತೊಂದೇ ದಿನ.

"ಹದಿನೇಳು ಭಾಗಿಸು ಐದು," ಅಂದ ವಿಶ್ವ, ಫೋನು ಒತ್ತುತ್ತಾ. "ತಲೆಗೆ 3.4."

"ಆ ಪಾಯಿಂಟ್ ನಾಲ್ಕನ್ನು ನನಗೆ ತೊಟ್ಟಿನ ಕಡೆಯಿಂದ ಕೊಡಪ್ಪಾ," ಅಂದೆ. "ತುದಿ ನಿನಗಿರಲಿ."

"ಐದಲ್ಲ, ಆರು ಜನ ಅಲ್ವಾ? ಮನೆಯವರು?" ಅಂತ ರಾಯರು ಕೇಳಿದರು.

"ನನಗೆ ಬೇಡ ರಾಯರೇ," ಅಂದರು ಅತ್ತಿಗೆ ಅಡುಗೆಮನೆಯಿಂದಲೇ. "ಅವಕ್ಕೆ ಇವರು ಏನೇನು ಕುಡಿಸಿದ್ದಾರೆ ಅಂತ ನೋಡಿದವಳು ನಾನೊಬ್ಬಳೇ."

ಹಾಗಾಗಿ ತಲೆಗೆ ಮೂರರ ಹಾಗೆ ಹಂಚಾಯಿತು. ಎರಡು ಉಳಿದವು. ಗುಂಡನ ಕೈ ಆ ಕಡೆ ಹೊರಟದ್ದನ್ನು ನೋಡಿ ಸೀನ ತಟ್ಟೆಯನ್ನೇ ಎಳೆದುಕೊಂಡ.

"ಇವು ಫೋಟೋಗೆ. ಹತ್ತಿರದಿಂದ ಒಂದು ತೆಗೀಬೇಕು, ಬೆಳಕು ಸರಿಹೋಗಲಿ. ಇವೆರಡೂ ಮೂಲೆ ಕುಂಡದ್ದು. ಆ ಗಿಡ ನೋಡಬೇಕು ನೀವು, ಒಂದೇ ವಾರದಲ್ಲಿ ಹೇಗೆ ಎದ್ದಿದೆ! ಬೇರೆಯವೆಲ್ಲಾ ಮುದುಡಿ ಕೂತಿವೆ, ಇದು ಕಂಬದ ಹಾಗೆ ನೆಟ್ಟಗೆ. ಇದ್ದರೆ ಹಾಗಿರಬೇಕು ಗಿಡ."

ರಾಯರು ತಲೆಯೆತ್ತಿ ಬಾಲ್ಕನಿಯ ಕಡೆ ನೋಡಿದರು. ಏನೋ ಹೇಳೋಕೆ ಬಾಯಿ ತೆರೆದು, ಅದಕ್ಕೆ ಒಂದು ಎಲೆ ಹಾಕಿಕೊಂಡರು.

ನಾವೂ ತಿಂದೆವು. ಒಂದು ಎಲೆ ತಿನ್ನೋಕೆ ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಬೇಗ ತಿಂದರೆ ಸೀನನಿಗೆ ಬೇಜಾರು, ನಿಧಾನಕ್ಕೆ ತಿಂದರೆ ನಮಗೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಸೀನನಿಗೆ ಮೊಣಕೈ ತನಕ ಕೆಸರು, ನಮ್ಮ ಬಾಯಿಗೆ ಮೂರು ಎಲೆ.

"ಹೇಗಿದೆ?" ಅಂದ.

"ತಣ್ಣಗಿದೆ," ಅಂದೆ. ಸುಳ್ಳು ಹೇಳಿದ ಹಾಗೂ ಆಗಬಾರದಲ್ಲ.

"ಲೆಟ್ಯೂಸಲ್ಲಿ ಶೇಕಡಾ 95 ನೀರು," ಅಂದ ವಿಶ್ವ. ಅವನಿಗೆ ಎಲ್ಲಾ ಗೊತ್ತಿರುತ್ತದೆ, ಯಾವಾಗ ಹೇಳಬಾರದು ಅನ್ನೋದೊಂದು ಬಿಟ್ಟು.

"ಹಾಗಾದರೆ ನಲ್ಲಿಯಿಂದ ನೇರವಾಗಿ ಲೋಟಕ್ಕೆ ಬರಬಹುದಾಗಿದ್ದ ನೀರನ್ನು ಸೀನ ತಿಂಗಳುಗಟ್ಟಲೆ ಸುತ್ತಾಡಿಸಿ, ಹಸಿರು ಬಣ್ಣ ಹಾಕಿಸಿ, ತಟ್ಟೆಯಲ್ಲಿ ಕೊಟ್ಟಿದ್ದಾನೆ. ನಾವು ಕುಡಿಯೋ ಬದಲು ಅಗಿಯುತ್ತಿದ್ದೇವೆ. ಅಷ್ಟೇ ವ್ಯತ್ಯಾಸ," ಅಂದೆ.

"ನಿನಗೆ ಕಷ್ಟ ಗೊತ್ತಿಲ್ಲ," ಅಂದ ಸೀನ, ನೊಂದುಕೊಂಡು. ನೊಂದುಕೊಂಡರೆ ಅವನು ಕಥೆ ಹೇಳುತ್ತಾನೆ. ನಾವು ಕುರ್ಚಿಯಲ್ಲಿ ಸರಿಯಾಗಿ ಕೂತೆವು, ಹೇಗೂ ತಿನ್ನೋಕೆ ಏನೂ ಉಳಿದಿರಲಿಲ್ಲ.

ಮೊದಲ ಸಲ ಬೀಜವನ್ನು ಒಂದು ಬೆರಳುದ್ದ ಆಳಕ್ಕೆ ಹೂತನಂತೆ. ಗಟ್ಟಿಯಾಗಿ ಬೇರೂರಲಿ ಅಂತ. ಎರಡು ವಾರ ಕಾದ. ಒಂದೂ ಹುಟ್ಟಲಿಲ್ಲ. ಲೆಟ್ಯೂಸ್ ಬೀಜ ಎಳ್ಳಿಗಿಂತ ಸಪೂರ, ಅಷ್ಟು ಮಣ್ಣು ಹೊತ್ತು ಮೇಲೆ ಬರೋ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಬಹಳಷ್ಟು ತಳಿಗಳಿಗೆ ಮೊಳೆಯೋಕೆ ಬೆಳಕು ಬೇಕು. ಹಸಿ ಮಣ್ಣಿನ ಮೇಲೆ ಸುಮ್ನೆ ಉದುರಿಸಿ, ಕಂಡೂ ಕಾಣದಷ್ಟು ಮಣ್ಣು ಚಿಮುಕಿಸಿದರೆ ಸಾಕು.

"ಅದು ದೊಡ್ಡ ಸಂಶೋಧನೆ ಗೊತ್ತಾ?" ಅಂದ ವಿಶ್ವ. "1952ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತವರ ಜೊತೆಯವರು ಲೆಟ್ಯೂಸ್ ಬೀಜದ ಮೇಲೇ ಪ್ರಯೋಗ ಮಾಡಿದ್ದು. ಕೆಂಪು ಬೆಳಕು ಬಿಟ್ಟರೆ ಬೀಜ ಮೊಳೆಯುತ್ತೆ. ಅದಾದ ಮೇಲೆ ಕಡುಗೆಂಪು ಬೆಳಕು, ಅಂದ್ರೆ ನಮ್ಮ ಕಣ್ಣಿಗೆ ಸರಿಯಾಗಿ ಕಾಣದಂಥದ್ದು, ಅದನ್ನು ಬಿಟ್ಟರೆ ಮೊಳೆಯಲ್ಲ. ಮತ್ತೆ ಕೆಂಪು ಬಿಟ್ಟರೆ ಮೊಳೆಯುತ್ತೆ. ಎಷ್ಟು ಸಲ ಬದಲಾಯಿಸಿದರೂ ಅಷ್ಟೇ. ಕೊನೇಗೆ ಬಿದ್ದದ್ದು ಯಾವ ಬೆಳಕೋ ಅದರದ್ದೇ ತೀರ್ಮಾನ."

"ಇದಕ್ಕೆ ಪ್ರಯೋಗ ಯಾಕೆ? ನಮ್ಮ ಮನೆಗೆ ಬಂದಿದ್ದರೆ ತೋರಿಸುತ್ತಿದ್ದೆ," ಅಂದೆ. "ಅಲ್ಲೂ ಕೊನೇಗೆ ಯಾರು ಮಾತಾಡುತ್ತಾರೋ ಅವರದ್ದೇ ತೀರ್ಮಾನ. ಇಷ್ಟು ವರ್ಷದಲ್ಲಿ ನಾನು ಇನ್ನೂ ಮೊಳೆತಿಲ್ಲ."

ಅಡುಗೆಮನೆಯಲ್ಲಿ ಅತ್ತಿಗೆ ನಕ್ಕದ್ದು ಕೇಳಿಸಿತು. ಸೀನ ನಗಲಿಲ್ಲ. ಎರಡನೇ ಸಲದ ಕಥೆಗೆ ಹೋದ.

ಎರಡನೇ ಸಲ ಮೇಲೆ ಮೇಲೇ ಉದುರಿಸಿದ. ಆಗ ಸುಡು ಬಿಸಿಲಿನ ದಿನ. ಮತ್ತೂ ಹುಟ್ಟಲಿಲ್ಲ. ಆಮೇಲೆ ತಿಳಿದದ್ದು, ಮಣ್ಣು 27-28 ಡಿಗ್ರಿ ದಾಟಿತು ಅಂದರೆ ಬಹಳಷ್ಟು ಲೆಟ್ಯೂಸ್ ಬೀಜ ಮುಸುಕು ಹೊದ್ದು ಮಲಗಿಬಿಡುತ್ತವೆ ಅಂತ. ಇದೂ ಒಂದು ಬುದ್ಧಿವಂತಿಕೆಯೇ, ಹುಟ್ಟಿದರೆ ಬಾಡಬೇಕು ಅನ್ನೋದು ಬೀಜಕ್ಕೆ ಗೊತ್ತು. ಹಾಗಾಗಿ ಸೀನ ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟ.

"ಸೊಪ್ಪನ್ನು ಫ್ರಿಜ್ಜಿನಲ್ಲಿಡೋದು ಎಲ್ಲರ ಮನೆಯಲ್ಲೂ ಇದೆ," ಅತ್ತಿಗೆ ಬಾಗಿಲಿಗೆ ಬಂದು ನಿಂತರು. "ಬೀಜ ಇರುವಾಗಲೇ ತಂದು ಇಟ್ಟದ್ದು ನಮ್ಮ ಮನೆಯಲ್ಲಿ ಮಾತ್ರ. ನಾನು ಏನೋ ಕಸ ಅಂತ ಎಸೆದೆ."

"ಎಸೆದಳು," ಅಂದ ಸೀನ, ಎಲ್ಲರ ಮುಖ ನೋಡುತ್ತಾ.

ಮೂರನೇ ಸಲ ಹುಟ್ಟಿದವು. ಸಂಭ್ರಮದಲ್ಲಿ ದಿನಕ್ಕೆ ಮೂರು ಹೊತ್ತು ನೀರು ಹಾಕಿದ. ರಾತ್ರಿ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗ್ಗೆ ಎದ್ದು ನೋಡಿದರೆ ಸಾಲಾಗಿ ಅಡ್ಡ ಬಿದ್ದಿವೆ. ಬುಡ ಕೊಳೆತು ನೂಲಿನ ಹಾಗಾಗಿತ್ತು. ಗಾಳಿ ಆಡದೆ ಮಣ್ಣು ಸದಾ ಒದ್ದೆ ಇದ್ದರೆ ಬೂಷ್ಟು ಹಿಡಿಯೋದು ಅಲ್ಲಿಂದಲೇ. ತಟ್ಟೆಯಲ್ಲಿ ನೀರಿಟ್ಟು ಕುಂಡವನ್ನು ಅದರಲ್ಲಿ ಕೂರಿಸಿದರೆ ಅದೇ ಕೆಳಗಿನಿಂದ ಕುಡಿಯುತ್ತದೆ, ಮೇಲಿನ ಮಣ್ಣು ಒಣಗಿರುತ್ತದೆ. ಇದು ಸೀನನಿಗೆ ತಿಳಿದದ್ದು ನಾಲ್ಕನೇ ಸಲ.

ನಾಲ್ಕನೇ ಸಲ ಕೋಣೆಯ ಒಳಗಿಟ್ಟ, ಕೊಳೆಯಬಾರದು ಅಂತ. ಅಲ್ಲಿ ಬೆಳಕು ಸಾಲದೆ ಸಸಿಗಳು ಕಿಟಕಿಯ ಕಡೆಗೆ ಕತ್ತು ಚಾಚಿ ಚಾಚಿ, ಮೇಲೆ ಎರಡು ಎಲೆ, ಕೆಳಗೆ ಬಿಳಿ ದಾರ.

"ಬೆಳೆಯೋ ಸಿರಿ ಮೊಳಕೇಲೇ ಕಾಣುತ್ತೆ ಅಂತಾರಲ್ಲ, ನಿನಗೆ ಕಂಡಿರಲಿಲ್ವಾ?" ಅಂದೆ.

"ಫೋಟೋ ಕಳಿಸಿದ್ದೆನಲ್ಲಾ ನಿನಗೆ!"

"ಕಳಿಸಿದ್ದೆ. ನೂಡಲ್ಸ್ ಅಂದುಕೊಂಡು ಚೆನ್ನಾಗಿ ಬಂದಿದೆ ಅಂತ ಹೇಳಿದ್ದೆ."

ಐದನೇ ಸಲ ಬಸವನಹುಳು. ಅದರ ಬಗ್ಗೆ ಸೀನ ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾಲ್ಕನೇ ಮಹಡಿಗೆ ಅದು ಹೇಗೆ ಬಂತು ಅಂತ ಗುಂಡ ಒಂದು ಸಲ ಕೇಳಿದ. ಅತ್ತಿಗೆ, "ಮೆಸೇಜ್ ನೋಡಿ ಬಂದಿರಬೇಕು. ಕೊಯ್ಲು ಅಂತ ಹಾಕಿದ್ದರಲ್ಲ," ಅಂದರು.

ಈಗ ಇದು ಆರನೆಯದು. ಅದರ ಫಸಲೇ ಈ ಹದಿನೇಳು.

"ಒಂದು ಗ್ರಾಂನಲ್ಲಿ ಎಷ್ಟು ಬೀಜ ಇರುತ್ತೆ?" ಅಂತ ವಿಶ್ವನನ್ನು ಕೇಳಿದೆ.

"ಸುಮಾರು 800ರಿಂದ 1000."

"ಸೀನ ಎಷ್ಟು ಮುಗಿಸಿದ್ದಾನೆ?"

"ಒಂದು ಗ್ರಾಂ," ಅಂದ ಸೀನ, ನೆಲ ನೋಡುತ್ತಾ.

"850 ಅಂತ ಇಟ್ಟುಕೋ. ಬೀಜಕ್ಕೊಂದು ಎಲೆ ಅಂತ ಲೆಕ್ಕ ಹಿಡಿದರೂ ಶೇಕಡಾ 2. ಈ ಬಡ್ಡಿಗೆ ಯಾರೂ ದುಡ್ಡು ಇಡೋದಿಲ್ಲ ಸೀನ," ಅಂದೆ.

ಇಲ್ಲಿ ವಿಶ್ವನಿಗೆ ಸೀನನ ಮೇಲೆ ಕರುಣೆ ಬಂತು ಅಂತ ಕಾಣುತ್ತದೆ. ಅಥವಾ ಹೇಳೋಕೆ ಇನ್ನೊಂದು ಸಂಗತಿ ನೆನಪಾಗಿರಬೇಕು. ಬಾಹ್ಯಾಕಾಶಕ್ಕೆ ಹೋದ. 2015ರ ಆಗಸ್ಟ್ 10ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸ್ಕಾಟ್ ಕೆಲ್ಲಿ, ಕೆಲ್ ಲಿಂಡ್‌ಗ್ರೆನ್, ಕಿಮಿಯಾ ಯೂಯಿ ಮೂವರೂ ತಾವಿದ್ದಲ್ಲೇ ಬೆಳೆದ ಕೆಂಪು ಲೆಟ್ಯೂಸ್ ತಿಂದರಂತೆ. ಬಿತ್ತಿ 33 ದಿನಕ್ಕೆ. ಒರೆಸಿ, ಎಣ್ಣೆ ಹಾಕಿಕೊಂಡು. ಅರ್ಧ ತಿಂದು, ಉಳಿದರ್ಧವನ್ನು ಪರೀಕ್ಷೆಗೆ ಭೂಮಿಗೆ ಕಳಿಸೋಕೆ ಕಟ್ಟಿಟ್ಟರು.

"ಅಲ್ಲೂ ಹೊಟ್ಟೆ ತುಂಬ ಕೊಡಲಿಲ್ಲ," ಅಂದ ಗುಂಡ.

"ಮೇಲು ಯಾವುದು ಕೆಳಗು ಯಾವುದು ಅಂತ ಗೊತ್ತಾಗದ ಜಾಗದಲ್ಲಿ, ಮಳೆ ಇಲ್ಲ, ಮಣ್ಣಿಲ್ಲ, 33 ದಿನಕ್ಕೆ ಬಂತು," ಅಂದೆ ನಾನು. "ಇಲ್ಲಿ ಇಡೀ ಭೂಮಿ ಕೈಜೋಡಿಸಿದರೂ ಹನ್ನೊಂದು ತಿಂಗಳು."

"ಅಲ್ಲಿ ಇವರಿರಲಿಲ್ಲ," ಅಂದರು ಅತ್ತಿಗೆ.

ಒಪ್ಪಬೇಕು, ಆ ಸಂಜೆಯ ಒಳ್ಳೇ ಮಾತು ನನ್ನದಲ್ಲ.

ಸೀನನೂ ಸುಮ್ಮನಿರಲಿಲ್ಲ. ರೋಮಿನ ಚಕ್ರವರ್ತಿ ಅಗಸ್ಟಸ್ ಕಾಯಿಲೆ ಬಿದ್ದಾಗ ವೈದ್ಯ ಮೂಸಾ ಲೆಟ್ಯೂಸ್ ಕೊಟ್ಟು ಬದುಕಿಸಿದ ಅಂತ ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ, ಗೊತ್ತಾ ಅಂದ. ಆ ಮೂಸಾಗೆ ಪ್ರತಿಮೆ ನಿಲ್ಲಿಸಿದರಂತೆ. "ಪ್ರತಿಮೆ ವೈದ್ಯನಿಗೆ, ಬದುಕು ಚಕ್ರವರ್ತಿಗೆ. ಬೆಳೆದವನ ಹೆಸರೇನು?" ಅಂದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ವಿಶ್ವ ಪರಿಹಾರಕ್ಕೆ ಇಳಿದ. ಗ್ರೋ ಲೈಟ್ ಹಾಕು, ದಿನಕ್ಕೆ 14 ಗಂಟೆ, ಟೈಮರ್ ಇಡು, ಒಂದು ಸಣ್ಣ ಫ್ಯಾನು, ಒಂದು ಥರ್ಮಾಮೀಟರ್, 18-20 ಡಿಗ್ರಿಗೆ ಕೋಣೆ ತಂಪಾಗಿಡು, ಆಗ ನೋಡು ವರ್ಷವಿಡೀ ಹೇಗೆ ಬರುತ್ತೆ ಅಂತ.

"ಬೇಡಪ್ಪಾ," ಅಂದರು ಅತ್ತಿಗೆ. "ಈಗಲೇ ಅವು ಮಲಗೋ ಕೋಣೆಯಲ್ಲಿವೆ, ನಾವು ಹಾಲಿನಲ್ಲಿದ್ದೇವೆ. ಫ್ಯಾನು ಬೇರೆ ಹಾಕಿಕೊಟ್ಟರೆ ನಮಗೆ ಬಾಡಿಗೆ ಕೇಳುತ್ತವೆ."

ನಾನು ಆಗ ನನ್ನ ದೊಡ್ಡ ಬಾಣ ಬಿಟ್ಟೆ. ಅಲ್ಲಯ್ಯಾ, ಎಲ್ಲಾ ಕಾಲದಲ್ಲೂ ಎಲ್ಲಾ ಬೇಕು ಅನ್ನೋ ಈ ಹಟ ಯಾಕೆ? ಸೊಪ್ಪಿಗೂ ಒಂದು ಕಾಲ ಅಂತ ಇರಬೇಡವಾ? ಇಲ್ಲದಾಗ ಇಲ್ಲ ಅಂತ ಇರೋಕೆ ನಮಗೆ ಯಾಕೆ ಆಗಲ್ಲ? ಮೂವತ್ತು ಸೆಕೆಂಡಿನ ಬಿಳಿ ಅಂಗಿಯವನು ಹೇಳಿದ ಅಂತ ಒಂದು ಮನುಷ್ಯ ಜೀವ ಊರಿಗೆ ಹೋಗದೆ, ಮದುವೆ ಮುಂಜಿಗೆ ಹೋಗದೆ, ಕುಂಡದ ಮುಂದೆ ಕೂರಬೇಕಾ? ಇನ್ನೂ ಹೇಳೋದಿತ್ತು. ಚೆನ್ನಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ರಾಯರು ಕೆಮ್ಮಿದರು.

"ನಾನು ಎರಡು ವರ್ಷದಿಂದ ಬೆಳೀತಾ ಇದ್ದೇನೆ," ಅಂದರು.

ಎಲ್ಲರೂ ಅವರ ಕಡೆ ತಿರುಗಿದೆವು. ಸೀನನಂತೂ ತನ್ನ ಮನೆಯಲ್ಲೇ ಕಳವಾದವನ ಹಾಗೆ ನೋಡಿದ.

"ಹೇಳಲೇ ಇಲ್ಲವಲ್ಲ ರಾಯರೇ? ಒಂದು ಫೋಟೋ ಆದರೂ?"

"ಸೊಪ್ಪಿಗೆಂಥ ಫೋಟೋ? ತಿಂದುಬಿಡ್ತೀನಿ." ಸ್ವಲ್ಪ ಹೊತ್ತು ಬಿಟ್ಟು, "ಜಾಸ್ತಿ ಏನಿಲ್ಲಪ್ಪ. ಇಪ್ಪತ್ತೇ ಬೀಜ. ಎರಡು ವಾರಕ್ಕೊಂದು ಸಲ. ನೀನು ಇದ್ದದ್ದನ್ನೆಲ್ಲಾ ಒಟ್ಟಿಗೆ ಸುರೀತೀಯ, ಅದಕ್ಕೇ ಎಲ್ಲಾ ಒಟ್ಟಿಗೆ ಹೋಗುತ್ತೆ. ಬಿಸಿಲು ಜಾಸ್ತಿಯಿದ್ದಾಗ ಸಂಜೆ ಹೊತ್ತು ಬಿತ್ತಿ ನೆರಳಲ್ಲಿಡೋದು, ರಾತ್ರಿಯ ತಂಪಲ್ಲಿ ಅವಕ್ಕೆ ಎಚ್ಚರ ಆಗುತ್ತೆ. ಚಳಿಗೆ ಲೆಟ್ಯೂಸ್ ಕಮ್ಮಿ ಮಾಡಿ ಪಾಲಕ್, ಸಾಸಿವೆ ಸೊಪ್ಪು, ಮಿಜೂನಾ ಅನ್ನೋ ಜಪಾನಿ ಸೊಪ್ಪು. ಕೀಳೋವಾಗ ಹೊರಗಿನ ಎಲೆ ಮಾತ್ರ, ನಡುವಿನ ಕುಡಿ ಮುಟ್ಟಬಾರದು, ಅದು ಮತ್ತೆ ಕೊಡುತ್ತೆ. ಹಗಲು ಹತ್ತು ಗಂಟೆಗಿಂತ ಗಿಡ್ಡ ಆಗುತ್ತಲ್ಲ ಕೆಲವು ಕಡೆ, ಅಲ್ಲಿ ಗಿಡ ಬೆಳೆಯೋದೇ ನಿಲ್ಲಿಸುತ್ತಂತೆ. ಸಾಯೋದೂ ಇಲ್ಲ. ಸುಮ್ನೆ ನಿಂತಿರುತ್ತಂತೆ, ಹಗಲು ಉದ್ದ ಆಗೋ ತನಕ."

"ಒಬ್ಬರೇ ಎಷ್ಟು ತಿಂತೀರಿ?" ಅಂದೆ.

"ತಿನ್ನೋದೇನು, ದಿನಕ್ಕೆ ಎರಡೆಲೆ. ನನಗೆ ಅದರ ರುಚಿಯೂ ಅಷ್ಟಕ್ಕಷ್ಟೇ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಕೆಲಸದಲ್ಲಿದ್ದಾಗ ಮುಂದಿನ ವಾರ ಮುಂದಿನ ವಾರ ಅಂತ ಎಷ್ಟು ಇರುತ್ತಿತ್ತು. ಆ ಫೈಲು, ಈ ಮೀಟಿಂಗು. ನಿವೃತ್ತಿ ಆದಮೇಲೆ ಕ್ಯಾಲೆಂಡರ್ ನೋಡಿದರೆ ಬರೀ ಅಂಕಿ. ಈಗ ಎರಡು ವಾರಕ್ಕೊಂದು ಗುರುತು ಹಾಕಿರ್ತೀನಿ. ಇವತ್ತು ಬಿತ್ತಿದೆ ಅಂದ್ರೆ ಗುರುವಾರ ನೋಡಬೇಕು, ಹುಟ್ಟಿರುತ್ತೆ. ಗುರುವಾರಕ್ಕೆ ಒಂದು ಕೆಲಸ ಆಯ್ತಲ್ಲ."

"ವರ್ಷವಿಡೀ," ಅಂದ ಸೀನ, ಮೆಲ್ಲಗೆ.

"ಹ್ಞೂಂ. ಬೀಜದ ಪೊಟ್ಟಣದ ಮೇಲೆ ಇಂಥ ತಾರೀಖಿನೊಳಗೆ ಬಿತ್ತಿ ಅಂತ ಹಾಕಿರ್ತಾರೆ ನೋಡು. ನನ್ನ ಮೇಲೆ ಹಾಕಿಲ್ಲ. ಅದಕ್ಕೇ ಒಂದು ಸಲಕ್ಕೆ ಇಪ್ಪತ್ತೇ."

ಗುರುವಾರ ನನಗೇನು ಕೆಲಸ ಇದೆ ಅಂತ ನಾನು ಯೋಚಿಸಿದೆ. ಹಲ್ಲಿನ ಡಾಕ್ಟರು, ಅದೂ ಅವರೇ ಮುಂದೆ ಹಾಕಿದ್ದಾರೆ.

"ಆಮೇಲೆ ವರ್ಷಕ್ಕೊಂದು ಗಿಡವನ್ನು ಕೀಳದೆ ಬಿಟ್ಟುಬಿಡ್ತೀನಿ," ಅಂತ ರಾಯರು ಮುಂದುವರಿಸಿದರು. ಈಗ ಅವರ ಮುಖ ಬೆಳಗಿತ್ತು. "ಹಗಲು ಉದ್ದ ಆಗಿ, ಬಿಸಿಲೂ ಏರಿದಾಗ ಅದು ಹೂಕಡ್ಡಿ ಎತ್ತುತ್ತೆ. ಒಂದೇ ವಾರದಲ್ಲಿ ಸರಸರ ಅಂತ, ಕಂಬದ ಹಾಗೆ ನೆಟ್ಟಗೆ. ನೋಡೋಕೆ ಎಷ್ಟು ಚೆಂದ. ಆದರೆ ಆಗ ಎಲೆ ತಿನ್ನೋ ಹಾಗಿಲ್ಲ. ಕಾಂಡ ಮುರಿದರೆ ಬಿಳಿ ಹಾಲು ಬರುತ್ತೆ, ಲ್ಯಾಕ್ಟುಕಾ ಅನ್ನೋ ಅದರ ಲ್ಯಾಟಿನ್ ಹೆಸರೇ ಹಾಲಿನಿಂದ ಬಂದದ್ದು. ಕಹಿ ಅಂದ್ರೆ..."

ಆಗ ಒಂದು ಸದ್ದು ಕೇಳಿಸಿತು. ಕರಕರ ಅಂತ ಏನೋ ಅಗಿಯೋ ಸದ್ದು. ನಾವೆಲ್ಲಾ ಒಟ್ಟಿಗೆ ತಟ್ಟೆ ನೋಡಿದೆವು. ತಟ್ಟೆ ಪೂರ್ತಿ ಬಿಳಿಯಾಗಿತ್ತು.

ಗುಂಡ ಅಗಿಯೋದನ್ನು ಅರ್ಧಕ್ಕೆ ನಿಲ್ಲಿಸಿದ. ಅವನ ಮುಖ ಒಂದು ಕಡೆಗೆ ಎಳೆದುಕೊಂಡಿತು.

"ಮಾತಿನ ಮಧ್ಯೆ ಕೈಗೆ ಬಂತು," ಅಂದ. "ಸೀನ, ಬೇಜಾರು ಮಾಡ್ಕೋಬೇಡ. ಇದು ಕಹಿ."

"ಫೋಟೋ ತೆಗೆದಿರಲಿಲ್ಲ ಕಣೋ!" ಅಂತ ಸೀನ ಕೂಗಿದ. ಆಮೇಲೆ ಕಹಿ ಅನ್ನೋ ಮಾತು ಅವನೊಳಗೆ ಇಳಿಯಿತು. ಮೂಲೆ ಕುಂಡ. ಒಂದು ವಾರ. ಕಂಬದ ಹಾಗೆ. ಅವನು ರಾಯರನ್ನು ನೋಡಿದ. ರಾಯರು ಮೇಜು ನೋಡುತ್ತಿದ್ದರು. ಟಾರ್ಚ್ ಹಿಡಿದು ಬಾಲ್ಕನಿಗೆ ಓಡಿದ. ಕುಂಡ ಎಳೆದ ಸದ್ದು ಬಂತು, ಆಮೇಲೆ ಏನೂ ಇಲ್ಲ.

"ಕೀಳಬೇಡಪ್ಪಾ," ಅಂತ ರಾಯರು ಕೂತಲ್ಲಿಂದಲೇ ಕೂಗಿದರು. "ಬಿಟ್ಟುಬಿಡು. ಹಳದಿ ಹೂ ಬಿಡುತ್ತೆ, ಸಣ್ಣದು. ಆಮೇಲೆ ಹತ್ತಿ ಥರ ಬಿಚ್ಚಿಕೊಳ್ಳುತ್ತೆ. ಬೀಜ ಆಗುತ್ತೆ."

"ಊಟಕ್ಕೆ ಏಳಿ ಎಲ್ಲರೂ," ಅಂದರು ಅತ್ತಿಗೆ. "ನಾನು ಮಾಡಿದ್ದಿದೆ, ಎಣಿಸದೆ ಬಡಿಸ್ತೀನಿ."

ಗುಂಡ ಎಲ್ಲರಿಗಿಂತ ಮೊದಲು ಎದ್ದ. ಎದ್ದವನು ಬಾಗಿಲ ಹತ್ತಿರ ನಿಂತು, ಜೇಬಿನಿಂದ ಕೈಚೀಲ ತೆಗೆದು ಮಡಿಕೆ ಬಿಡಿಸುತ್ತಾ ಕೇಳಿದ, "ಬೀಜ ಅಂದ್ರೆ ಸುಮಾರು ಎಷ್ಟಾಗಬಹುದು ರಾಯರೇ?"